ಮೊಟ್ಟೆ ಬೆವರಿದ ಶನಿವಾರ

ಮೊನ್ನೆ ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದಿಟ್ಟ ಮೊಟ್ಟೆಯೊಂದು ಅಡುಗೆಕಟ್ಟೆಯ ಮೇಲೆ ಬೆವರತೊಡಗಿತು. ಕಂದು ಸಿಪ್ಪೆಯ ಮೇಲೆ ಸಣ್ಣ ಸಣ್ಣ ಹನಿಗಳು. ಒಡೆಯಲು ಎತ್ತಿದ ಚಮಚವನ್ನು ಕೆಳಗಿಟ್ಟೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಬೆವರಿದ ಮೊಟ್ಟೆ ಕಂಡರೆ ನನ್ನ ಕೈ ಈಗಲೂ ಹೀಗೆ ನಿಂತುಬಿಡುತ್ತದೆ. ಆಗಿನ ಪಕ್ಕದ ಮನೆಯ ಅಕ್ಕ ಬೇಲಿಯಾಚೆ ನಿಂತು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ...

ಆಗ ನಾವು ಅಮೆರಿಕಕ್ಕೆ ಬಂದ ಹೊಸತು, ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಗಂಡನಿಗೆ ಸ್ಟಾರ್ಟಪ್ಪಿನ ಕೆಲಸ. ಶನಿವಾರ, ಭಾನುವಾರ ಎಂಬುದು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಂಕುಳಲ್ಲಿ ಒಂದು ವರ್ಷದ ಮಗಳು. ಅಕ್ಕ ಮಂಗಳೂರು ಕಡೆಯವರು, ಐವತ್ತರ ಆಸುಪಾಸು. ಮೈಸೂರಿನ ಸಸ್ಯಾಹಾರಿಯಾದ ನನ್ನನ್ನು ‘ತಿಳಿಸಾರು’ ಎಂದೇ ಕರೆಯುತ್ತಿದ್ದರು. ಮಗುವಿಗೆ ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದಾಗ ಅದನ್ನು ಬೇಯಿಸುವುದನ್ನು ಕಲಿಸಿದವರೂ ಅವರೇ. ಊರಿನಲ್ಲಿದ್ದ ಅಮ್ಮನ ಹತ್ತಿರ ನಾನು ಈ ವಿಷಯ ಉಸಿರೆತ್ತಿರಲಿಲ್ಲ.

ಅವರ ಹಿತ್ತಲಲ್ಲಿ ಮೂರು ಕೆಂಪು ಕೋಳಿಗಳಿದ್ದವು. ಆಗತಾನೇ ಇಟ್ಟ ಮೊಟ್ಟೆಯನ್ನು ಅಕ್ಕ ಬೇಲಿಯ ಮೇಲಿಂದ ನನ್ನ ಅಂಗೈಯಲ್ಲಿ ಇಡುತ್ತಿದ್ದರು. ಮೊದಮೊದಲು ಹಿಂಜರಿದ ನಾನು ಆಮೇಲೆ ಆ ಬಿಸುಪಿಗಾಗಿಯೇ ಕಾಯತೊಡಗಿದೆ. ಯಾವ ಮೊಟ್ಟೆ ಯಾವ ಕೋಳಿಯದು ಎಂದು ಅವರು ನೋಡಿದೊಡನೆ ಹೇಳುತ್ತಿದ್ದರು. ಕೋಳಿಗೆ ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದಂತೆ, ಆದರೆ ಅಪರೂಪವಾಗುತ್ತದಂತೆ. ಸಿಪ್ಪೆ ತೆಳುವಾಗಿ ಸುಕ್ಕುಗಟ್ಟುತ್ತದೆ... ಹಗಲು ಗಿಡ್ಡವಾದಾಗ ಪುಕ್ಕ ಉದುರಿಸಿ ಇಡುವುದನ್ನು ನಿಲ್ಲಿಸುತ್ತವೆ, ಹಗಲು ಉದ್ದವಾದಾಗ ಮತ್ತೆ ಶುರು ಮಾಡುತ್ತವೆ. ಮುದಿಯಾದ ಮೇಲೆ ಮಾತ್ರ ಆ ಭರವಸೆಯೂ ಇಲ್ಲ.

ಅಕ್ಕನ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಕೆಟ್ಟವರಲ್ಲ. ಮೊಟ್ಟೆ ನಿಂತ ಕೋಳಿಯನ್ನು ಹುರಿದ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿ ಉಣ್ಣುವುದು ಅವರ ಮನೆಯ ರೂಢಿ, ಅದನ್ನವರು ಮೊದಲೇ ಹೇಳಿಯೂ ಇದ್ದರು. ಆ ಚಳಿಗಾಲ ನನ್ನ ಪಾಲಿನ ಮೊಟ್ಟೆ ಬರುವುದು ಕಡಿಮೆಯಾಯಿತು. ಆದರೂ ಪ್ರತಿ ಶನಿವಾರ, ರಜೆಯ ದಿನ, ಭಾವನೇ ಗೂಡಿಗೆ ಕೈಹಾಕಿದಾಗ ಎರಡು ಮೊಟ್ಟೆ ತಪ್ಪದೆ ಸಿಗುತ್ತಿತ್ತು. ಅಷ್ಟು ಸಿಗುವ ತನಕ ಕೋಳಿಗಳ ಜೀವಕ್ಕೆ ಮೋಸವಿರಲಿಲ್ಲ.

ಒಮ್ಮೆ ಅಕ್ಕಿ ಎರಚುತ್ತ ಅಕ್ಕ ಕೇಳಿದ್ದರು. “ನಮಗೂ ಒಂದು ಪ್ರಾಯದಲ್ಲಿ ಎಲ್ಲ ನಿಲ್ತದೆ. ಹಾಗಂತ ನಮ್ಮನ್ನು ಯಾರಾದ್ರೂ ಮಸಾಲೆಗೆ ಹಾಕ್ತಾರಾ ಮಾರಾಯ್ತಿ?”

ನಾನು ನಕ್ಕೆ. ಅವರು ನಗಲಿಲ್ಲ.

ಆ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮಗಳ ಮೈ ಕೆಂಡವಾಗಿತ್ತು. ಗಂಡ ಆಫೀಸಿನಲ್ಲೇ ಉಳಿದಿದ್ದ. ಅಕ್ಕನ ಬಾಗಿಲು ಬಡಿದೆ. ನೈಟಿಯ ಮೇಲೊಂದು ಸ್ವೆಟರ್ ಎಳೆದುಕೊಂಡವರೇ ಕಾರು ತೆಗೆದರು. ಆಸ್ಪತ್ರೆಯಲ್ಲಿ ಎರಡು ಗಂಟೆ ನನ್ನ ಜೊತೆ ಕೂತಿದ್ದರು. ಹೊರಡುವಾಗ ಮಾತ್ರ ಗಡಿಯಾರ ನೋಡಿ ಫ್ರೀವೇ ಹಿಡಿದು ಜೋರಾಗಿ ಓಡಿಸಿದರು. ಬಂದವರೇ ಒಳಗೆ ಹೋಗಿ, ಅಲ್ಲಿಂದ ಹಿತ್ತಲಿಗೆ ನಡೆದರು. ಕೋಳಿಗೆ ಕಾಳು ಹಾಕಲು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಗುಲಾಬಿ ಗಿಡ ಕತ್ತರಿಸುತ್ತಿದ್ದ ಭಾವ ಗ್ಲೌಸು ಹಾಕಿದ ಕೈಯಲ್ಲೇ ಗೂಡಿನಿಂದ ಮೊಟ್ಟೆ ತೆಗೆದು, ಮಗುವಿಗಿರಲಿ ಎಂದು ಒಂದನ್ನು ನನಗೆ ಕೊಟ್ಟರು. ಜ್ವರ ಇಳಿದ ನೆಮ್ಮದಿಗೆ ನನ್ನ ನಾಲಿಗೆ ಸಡಿಲವಾಗಿತ್ತು.

“ಇದೇನು ಭಾವ, ನಿಮ್ಮ ಕೋಳಿ ಫ್ರಿಜ್ಜಲ್ಲಿ ಮಲಗತ್ತಾ? ಮೊಟ್ಟೆ ಬೆವರ್ತಾ ಇದೆ” ಅಂದೆ.

ಭಾವ ಗ್ಲೌಸು ಕಳಚಿ ಮೊಟ್ಟೆ ಮುಟ್ಟಿದರು. ತಿರುಗಿ ಅಕ್ಕನನ್ನು ನೋಡಿದರು. ಅಕ್ಕ ನೋಡಿದ್ದು ನನ್ನನ್ನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಎಂದೋ ಮರೆಯುತ್ತಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನಾಡಿದ್ದು ತಮಾಷೆಗೆ. ಮರುದಿನ ಗೂಡು ಖಾಲಿಯಾಗಿತ್ತು. ಮಧ್ಯಾಹ್ನ ಹುರಿದ ತೆಂಗಿನಕಾಯಿಯ ಘಮ ಬೇಲಿ ದಾಟಿ ಬಂತು. ಕಿಟಕಿ ಮುಚ್ಚಿಕೊಂಡು ಕುಳಿತೆ.

ಎರಡು ದಿನ ಬಿಟ್ಟು ಅಕ್ಕ ಅಂಗಡಿಯ ಕಂದು ಮೊಟ್ಟೆಯ ಡಬ್ಬಿ ಹಿಡಿದು ಬಂದರು. ನಾನು ತಲೆ ಎತ್ತಲಿಲ್ಲ.

“ಇದು ಅಂಗಡಿಯದ್ದು. ಅಷ್ಟು ಶನಿವಾರ ಗೂಡಲ್ಲಿ ಇಟ್ಟದ್ದೂ ಅಂಗಡಿಯದ್ದೇ” ಎಂದರು. “ಉಗುರುಬಿಸಿ ನೀರಲ್ಲಿ ಹಾಕಿ, ಒರೆಸಿ ಇಡ್ತಿದ್ದೆ. ಹಗಲು ಉದ್ದ ಆಗುವ ತನಕ ದೂಡುವಾ ಅಂತ. ಅವತ್ತೊಂದು ದಿನ ಪುರುಸೊತ್ತು ಆಗ್ಲಿಲ್ಲ.”

ಯಾಕೆ ಆಗಲಿಲ್ಲ ಎಂದು ಅವರು ಹೇಳಲಿಲ್ಲ. ಮಗಳ ಹಣೆ ಮುಟ್ಟಿ ನೋಡಿ, ಜ್ವರ ಬಿಟ್ಟಿತಲ್ಲ, ಅಷ್ಟು ಸಾಕು ಎಂದು ಹೊರಟುಹೋದರು.

ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲೇ ಇಲ್ಲ. ನಾಳೆ ಹೇಳೋಣ, ನಾಳಿದ್ದು ಹೇಳೋಣ... ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದಾಗ ಭಾವನ ಕೆಲಸವೂ ಹೋಯಿತು. ಮನೆ ಮಾರಿ ಊರಿಗೆ ಹೋದರು. ಕೆಲವು ವರ್ಷಗಳ ಹಿಂದೆ ಇಲ್ಲೇ ಹತ್ತಿರದ ಯೂನಿಯನ್ ಸಿಟಿಯ ಮದುವೆಯೊಂದರಲ್ಲಿ ಯಾರೋ ಅಕ್ಕ ತೀರಿಕೊಂಡ ಸುದ್ದಿ ಹೇಳಿದರು. ಹಿತ್ತಲಿಲ್ಲದ ಈ ಅಪಾರ್ಟ್‌ಮೆಂಟಿನಲ್ಲೂ ಒಮ್ಮೊಮ್ಮೆ ಬೆಳಿಗ್ಗೆ, ಮೊಟ್ಟೆ ಇಟ್ಟ ಕೋಳಿ ಕೊಕ್ಕೊಕ್ಕೋ ಎನ್ನುವುದು ನನಗೆ ಕೇಳಿಸುತ್ತದೆ.

ಮೊನ್ನೆ ಆ ಮೊಟ್ಟೆಯನ್ನು ಉಗುರುಬಿಸಿ ನೀರಿಗೆ ಹಾಕಿದೆ. ರಜೆಗೆ ಬಂದಿದ್ದ ಮಗಳು “ಅಮ್ಮಾ, ಐಯಾಮ್ ಗೆಟಿಂಗ್ ಲೇಟ್” ಎಂದು ಗಡಿಯಾರ ತೋರಿಸಿದಳು. ತನ್ನ ಅಂದಿನ ಜ್ವರದ ಕಥೆ ಅವಳಿಗೆ ಗೊತ್ತಿಲ್ಲ. ಇರು ಎಂದೆ. ಮೊಟ್ಟೆಯನ್ನು ಒರೆಸಿ ಅಂಗೈಯಲ್ಲಿಟ್ಟುಕೊಂಡೆ. ಈಗ ನನಗೂ ಅಕ್ಕನ ಆಗಿನ ವಯಸ್ಸು. ಬೇಕಾದಷ್ಟು ಪುರುಸೊತ್ತಿದೆ.