ಉಜ್ಜನಪ್ಪನವರ ಅಯಸ್ಕಾಂತ

ಜನ್ನಾಪುರದ ಉಜ್ಜನಪ್ಪನವರು ಜೇಬಿನಲ್ಲಿ ಅಯಸ್ಕಾಂತವಿಲ್ಲದೆ ಹೊಸಿಲು ದಾಟುವವರಲ್ಲ. ಮೂವತ್ತು ವರ್ಷ ದುಡಿದ ಕಬ್ಬಿಣದ ಫೌಂಡ್ರಿ ಮುಚ್ಚಿದ ಮೇಲೆ ಅದರ ಹಿತ್ತಲಲ್ಲೇ ಸೊಪ್ಪು ಬೆಳೆಯುತ್ತಿದ್ದಾರೆ. ದಿನಾ ಬೆಳಿಗ್ಗೆ ಮಡಿಗಳ ಮೇಲೆ ಅಯಸ್ಕಾಂತ ಎಳೆದು, ಅಂಟಿದ ಕರಿಪುಡಿಯನ್ನು ಡಬ್ಬಕ್ಕೆ ಉದುರಿಸಿ, "ಫೌಂಡ್ರಿ ಕಸ ಹೋಯ್ತು, ಧೈರ್ಯವಾಗಿ ತಿನ್ನು ಮಾರಾಯ" ಎಂದು ಬೀದಿಗೆಲ್ಲ ಹರಿವೆ ಹಂಚುತ್ತಾರೆ. ಹೋಟೆಲಿನ ಟೀಪುಡಿ, ಪಕ್ಕದ ಮನೆಯ ರಾಗಿಹಿಟ್ಟು, ಕೊನೆಗೆ ಬೀಗರು ತಂದ ಚಿನ್ನದ ಸರವೂ ಈ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ. "ಅಂಟಲಿಲ್ಲ ಅಂದ್ರೆ ಶುದ್ಧ" ಎಂಬುದು ಅವರ ತೀರ್ಪು. ಮೊನ್ನೆ ಶಿವಮೊಗ್ಗದ ಪ್ರಯೋಗಾಲಯದಿಂದ ಅವರ ಮಣ್ಣಿನ ವರದಿ ತಂದ ಪಕ್ಕದ ಮನೆಯ ಕಾಲೇಜು ಹುಡುಗಿ ಸುಮನಾ, "ಅಜ್ಜಾ, ಇದ್ರಲ್ಲಿ ಸೀಸ ಜಾಸ್ತಿ ಇದೆ. ಚಿಕ್ಕ ಮಕ್ಕಳ ಮಿದುಳಿಗೆ ಅಪಾಯ" ಎಂದಳು. "ಕಬ್ಬಿಣದ ಫೌಂಡ್ರೀಲಿ ಸೀಸ ಎಲ್ಲಿಂದ ಬರ್ಬೇಕು ಮಾರಾಯ್ತಿ?" ಎಂದು ಅವರು ನಕ್ಕರು. "ನೀವು ಕರಗಿಸಿದ ಗುಜರಿಗೆ ಹಳೇ ಪೇಂಟ್ ಇರ್ಲಿಲ್ವಾ? ಅದ್ರಲ್ಲಿ ಸೀಸ ಇರ್ತಿತ್ತು. ಅದು ಅಯಸ್ಕಾಂತಕ್ಕೆ ಅಂಟಲ್ಲ ಅಜ್ಜಾ." ಅಷ್ಟರಲ್ಲಿ ಮಡಿಯಲ್ಲಿ ಆಡಿ ಎದ್ದುಬಂದ ನಾಲ್ಕು ವರ್ಷದ ಮೊಮ್ಮಗಳ ಮಣ್ಣುಗೈ ಹಿಡಿದು, ಅಭ್ಯಾಸಬಲದಿಂದ ಅವರು ಅಂಗೈ ಮೇಲೆ ಅಯಸ್ಕಾಂತ ಎಳೆದರು. ಏನೂ ಅಂಟಲಿಲ್ಲ. ಅಂಟಲಿಲ್ಲವೆಂದು ಉಜ್ಜನಪ್ಪನವರು ಹೆದರಿದ್ದು ಅದೇ ಮೊದಲು.