ಮುತ್ತಜ್ಜಿಗೆ ಸಿಗದ ಪುಟ

ಆ ಪುಟಕ್ಕೆ ಐನೂರು ರೂಪಾಯಿ. ಸ್ಮರಣ ಸಂಚಿಕೆಯ ರಟ್ಟು ತೆರೆದ ಕೂಡಲೇ ಕಣ್ಣಿಗೆ ಬೀಳುವ ಪುಟ ಅದು. ಜಾಹೀರಾತು ಕೊಡುವವರು ಅದಕ್ಕೇ ಮುಗಿಬೀಳುತ್ತಾರೆ. ಕಾರ್ಕಳದ ಆ ಮನೆಯವರು ಅದನ್ನು ಒಂದು ಹಂಚಿನ ಕಾರ್ಖಾನೆಗೆ ಮಾರಿ, ತಮ್ಮ ಮುತ್ತಜ್ಜಿಯ ಬರಹವನ್ನು ಹೊರಗೆ ಹಾಕಿದರು. ಸಂಚಿಕೆ ಹೊರಟದ್ದೇ ಆ ಮುತ್ತಜ್ಜಿಯ ನೆನಪಿಗೆ!

ಎಪ್ಪತ್ತರ ದಶಕದ ಕೊನೆ. ಉಡುಪಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಅಕ್ಷರದ ಮೊಳೆ ಜೋಡಿಸುತ್ತಲೇ ಮೇಲೆ ಬಂದವನು ನಾನು. ಚೌಕಾಸಿಯಲ್ಲಿ ಸೋತದ್ದು ಕಡಿಮೆ. ಆ ಮುತ್ತಜ್ಜಿ ಅದಕ್ಕೂ ಅರವತ್ತು ವರ್ಷ ಹಿಂದೆ, ಹೆಂಗಸು ಓದಿದರೇ ಊರು ಆಡಿಕೊಳ್ಳುತ್ತಿದ್ದ ಕಾಲದಲ್ಲಿ, ಹೆಂಗಸರಿಗಾಗಿ ಮಾಸಪತ್ರಿಕೆ ನಡೆಸಿದವರು. ಉಳಿದದ್ದು ಒಂದೇ ಸಂಚಿಕೆ. ಅದನ್ನು ಗೆದ್ದಲಿನಿಂದ ಕಾಪಾಡಿದ್ದು ಅವರ ಮೊಮ್ಮಗಳು. ಮನೆಯಲ್ಲಿ ಎಲ್ಲರೂ ಅತ್ತೆ ಎನ್ನುತ್ತಿದ್ದ ಮುದುಕಿ. ಗಂಡ ಉಂಡೆದ್ದ ಎಲೆಯಲ್ಲಿ ಹೆಂಡತಿ ಉಣ್ಣುವುದು ಭಕ್ತಿಯಲ್ಲ, ಕೊಳಕು ಎಂದು ಮುತ್ತಜ್ಜಿ ಅದರಲ್ಲಿ ಬರೆದಿದ್ದರು.

"ಅದೊಂದು ಮೊದಲ ಪುಟದಲ್ಲಿ ಬರಬೇಕು. ನನಗೆ ಬೇರೆ ಎಂತದೂ ಬೇಡ" ಎಂದಿದ್ದರು ಅತ್ತೆ.

ಪುಟ ಜೋಡಿಸಿಯೂ ಆಗಿತ್ತು. ಅಷ್ಟರಲ್ಲಿ ಅತ್ತೆಯ ಅಣ್ಣನ ಮಗ, ಈ ಸಂಚಿಕೆಯ ಯಜಮಾನ, ಹಂಚಿನ ಕಾರ್ಖಾನೆಯ ಜಾಹೀರಾತು ಕೊರೆದ ಲೋಹದ ಬ್ಲಾಕು ಹಿಡಿದು ಬಂದ.

"ಅದನ್ನು ತೆಗೀರಿ, ಇದನ್ನು ಹಾಕಿ."

"ಮುತ್ತಜ್ಜಿಯದನ್ನು ಕೊನೆಯ ಪುಟಕ್ಕಾದರೂ ಹಾಕುವ" ಎಂದೆ.

"ಎಂತ ಮಾರಾಯ್ರೆ, ಎಂಜಲು ಗಿಂಜಲು ಅಂತ! ನೆಂಟರು ಓದುವ ಪುಸ್ತಕ ಅಲ್ವಾ? ಅಜ್ಜಿಯ ಫೋಟೊ ಉಂಟಲ್ಲ, ಸಾಕು."

"ಕಾಗದ ನನ್ನದೇ. ಒಂದು ಹಾಳೆ ಸೇರಿಸ್ತೇನೆ."

"ಧರ್ಮಕ್ಕೆ ಕೊಟ್ಟರೂ ಬೇಡ."

ಬಿಡುಗಡೆಯ ದಿನ ಮಣಿಪಾಲದಿಂದ ಬಂದ ಭಾಷಣಕಾರರು ಮುತ್ತಜ್ಜಿಯ ಧೈರ್ಯವನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಗಂಡಸರ ಪಂಕ್ತಿ. ಅತ್ತೆ ಹಸಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಂಚಿಕೆ ಮಗುಚುತ್ತಿದ್ದರು.

"ಎಲ್ಲಿ ಉಂಟು ಅದು?"

"ಅತ್ತೆ, ಮೊದಲು ಪಾಯಸ ತರ್ಲಿಕ್ಕೆ ಹೇಳಿ" ಎಂದ ಯಜಮಾನ, ಬೆರಳು ನೆಕ್ಕುತ್ತಾ.

ಉಂಡೆದ್ದವನು ಎಲೆ ಮಡಚಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಬಂದು ಅದೇ ಎಲೆಯ ಮುಂದೆ ಕೂತಳು. ಅಗಿದುಗುಳಿದ ನುಗ್ಗೆಸಿಪ್ಪೆಯನ್ನು ಬದಿಗೆ ಸರಿಸಿ ಅನ್ನ ಬಡಿಸಿಕೊಂಡಳು.

ಮುತ್ತಜ್ಜಿಯ ಪುಟಕ್ಕೆ ಜೋಡಿಸಿದ ಮೊಳೆ ನಾನಿನ್ನೂ ಬಿಚ್ಚಿರಲಿಲ್ಲ. ಮಾರನೆಯ ದಿನ ಆ ಪುಟವನ್ನು ಬಿಡಿಹಾಳೆಯಾಗಿ ಅಚ್ಚು ಮಾಡಿ ಅತ್ತೆಗೆ ಕೊಟ್ಟೆ. "ಮೊದಲನೆಯದು ಅವನ ಹೆಂಡತಿಗೆ" ಎಂದರು.

ನೀವೂ ಹಿರಿಯರ ನೆನಪಿಗೆ ಸಂಚಿಕೆ ತರುವವರಾದರೆ ಕೇಳಿ: ಅವರು ಬರೆದದ್ದನ್ನು ಮೊದಲು ಅಚ್ಚು ಹಾಕಿಸಿ, ಆಮೇಲೆ ಜಾಹೀರಾತಿಗೆ ಹೊರಡಿ. ಮೂಲ ಪ್ರತಿ ಕಾಪಾಡಿದವರ ಕೈಯಲ್ಲೇ ಇರಲಿ. ಕೊನೆಯ ಪ್ರೂಫನ್ನೂ ಅವರಿಗೇ ತೋರಿಸಿ, ಯಜಮಾನರಿಗಲ್ಲ.