ಕಂಡಮ್ ಆಗಲೊಲ್ಲದ ಐದು ಕಂಪ್ಯೂಟರುಗಳು

ನನಗೆ ಹಟ ಜಾಸ್ತಿ. ಇದನ್ನು ತಪ್ಪೊಪ್ಪಿಗೆ ಎಂದು ಓದಬೇಡಿ, ಜಂಬವೆಂದೇ ಓದಿ.

ಗಾವಡಗೆರೆಯ ಆಚೆಗಿದ್ದ ನಮ್ಮ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಸ್ಟಾಫ್‌ರೂಮಿನ ಗಡಿಯಾರಕ್ಕೆ ಸೆಲ್ ಹಾಕಲು ಬರುತ್ತಿದ್ದುದು ನನಗೊಬ್ಬಳಿಗೇ ಆದ್ದರಿಂದ ಕಂಪ್ಯೂಟರ್ ಕೋಣೆಯ ಉಸ್ತುವಾರಿಯೂ ನನ್ನ ತಲೆಗೇ ಬಂತು. ಇದ್ದದ್ದು ಐದು ಕಂಪ್ಯೂಟರು. ಮಕ್ಕಳು ಮುಟ್ಟಿದರೆ ಕೆಟ್ಟಾವೆಂದು ಹೆಡ್‌ಮಾಸ್ಟರು ಅವಕ್ಕೆ ಬಟ್ಟೆ ಹೊದಿಸಿ, ಬೀಗ ಜಡಿದು ಕಾಪಾಡಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ದರ್ಶನ. ಹೀಗೆ ಯಾರೂ ಮುಟ್ಟದೆಯೇ ಅವು ಮುದಿಯಾದವು. ಸ್ವಿಚ್ ಒತ್ತಿದರೆ ತೆರೆಯ ಮೇಲೆ ಚಿತ್ರ ಮೂಡುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತಿತ್ತು.

ಒಂದು ದಿನ ಶಿಕ್ಷಣ ಇಲಾಖೆಯ ಆಫೀಸಿನಿಂದ ಕಾಗದ ಬಂತು. ಅವಧಿ ಮುಗಿದಿದೆ, ಕೆಲಸಕ್ಕೆ ಬಾರದವೆಂದು ಕಂಡಮ್ ಮಾಡಿ, ಬುಧವಾರ ಲಾರಿ ಬರುತ್ತದೆ, ಉಸ್ತುವಾರಿಯವರು ಸಹಿ ಹಾಕತಕ್ಕದ್ದು. ಹೊಸವು ಯಾವಾಗ ಎಂಬ ಸುದ್ದಿಯೇ ಇಲ್ಲ. ಹುಣಸೂರಿನ ಕಂಪ್ಯೂಟರ್ ಸೆಂಟರಿಗೆ ನಮ್ಮ ಹುಡುಗಿಯರನ್ನು ಯಾವ ಮನೆಯವರೂ ಕಳಿಸುತ್ತಿರಲಿಲ್ಲ. ಇವೂ ಹೋದರೆ ಅವರು ಒಂದು ಕೀಲಿಯನ್ನೂ ಒತ್ತದೆ ಹತ್ತನೇ ತರಗತಿ ಮುಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೋಣೆ ಗುಡಿಸುವ ಪುಟ್ಟಮ್ಮನಿಗೆ ನನಗಿಂತ ಹೆಚ್ಚು.

"ಏಟೊರ್ಸದಿಂದ ಮ್ಯಾಲ್ ಮ್ಯಾಲೆ ಒರಸ್ತಾ ಇವ್ನಿ ಕಣ್ ಮೇಡಮ್ಮೋರೆ. ಒಂದಿನಾನಾದ್ರೂ ಕೆಲ್ಸ ಗೇಯ್ಸಿದ್ರಾ? ಗೇಯ್ಸ್ದೆನೇ ಕೈಲಾಗ್ದೋವು ಅಂತ ಸಾಗಾಕೋದು ಯಾವ ನ್ಯಾಯ?"

ಮೈಸೂರಿನ ಗೆಳತಿಯೊಬ್ಬಳು ಒಂದು ಸಿಡಿ ಕೊಟ್ಟಳು. ಹಳೆಯ ಯಂತ್ರಗಳಿಗೆಂದೇ ಇರುವ ಹಗುರವಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್, ಪುಕ್ಕಟೆ. ಮೊದಲಿದ್ದ ವ್ಯವಸ್ಥೆ ಮದುವೆ ದಿಬ್ಬಣದ ಹಾಗೆ ಗಂಟುಮೂಟೆ ಸಮೇತ ಬಂದು ಮನೆ ತುಂಬಿಕೊಂಡಿದ್ದರೆ, ಇದು ಒಂದೇ ಕೈಚೀಲ ಹಿಡಿದು ಬರುವ ನೆಂಟ. ಸಿಡಿ ಇಡಲು ತಟ್ಟೆ ಹೊರಗೆಳೆದರೆ ಅದರಲ್ಲಿ ಪೂಜೆಯ ಅಕ್ಷತೆ, ಒಣಗಿದ ಸೇವಂತಿಗೆ ಎಸಳು! ಊದಿ ಕೆಲಸ ಶುರುಮಾಡಿದೆ. ಆ ಭರದಲ್ಲಿ, ಕಂಪ್ಯೂಟರು ಬಂದ ಹೊಸದರಲ್ಲಿ ಹೆಡ್‌ಮಾಸ್ಟರು ಒಂದರಲ್ಲಿ ಟೈಪ್ ಮಾಡಿಸಿಟ್ಟು ವರ್ಷವರ್ಷವೂ ಓದುತ್ತಿದ್ದ ಸ್ವಾತಂತ್ರ್ಯೋತ್ಸವದ ಭಾಷಣ ಅಳಿಸಿಹೋಯಿತು. ಅದಕ್ಕಾಗಿ ನಾನು ಇವತ್ತಿಗೂ ಕ್ಷಮೆ ಕೇಳಿಲ್ಲ. ಮಂಗಳವಾರದ ಹೊತ್ತಿಗೆ ಐದೂ ಎದ್ದು ಕುಳಿತವು. ತೆರೆ ನೋಡಲು ಬೋಳುಬೋಳು, ಆದರೆ ಕರೆದ ತಕ್ಷಣ ಓಗೊಡುತ್ತಿತ್ತು.

ಬುಧವಾರ ಲಾರಿಯೊಂದಿಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯರೇ. ಓಡಲಿ ಬಿಡಲಿ, ರೂಲ್ಸು ರೂಲ್ಸೇ ಎಂದರು. ನಾನು ಪೆನ್ನಿನ ಕ್ಯಾಪು ತೆಗೆಯಲಿಲ್ಲ.

"ಮಕ್ಕಳು ಕೂತಿದ್ದಾರೆ ಸಾರ್. ಎಬ್ಬಿಸೋದಾದ್ರೆ ನೀವೇ ಒಳಗೆ ಬಂದು ಎಬ್ಬಿಸಿ."

ಅವರು ಬಾಗಿಲಲ್ಲಿ ನಿಂತು ಇಣುಕಿದರು. ಒಂದೊಂದು ಯಂತ್ರದ ಮುಂದೆ ಮೂವರು ಹುಡುಗಿಯರು ಅಂಟಿಕೊಂಡು ಕೂತು ಟೈಪ್ ಮಾಡುತ್ತಿದ್ದರು. ಒಬ್ಬಳೂ ತಿರುಗಿ ನೋಡಲಿಲ್ಲ. ಅಧಿಕಾರಿ ಒಂದು ಪೀರಿಯಡ್ ಕಾದರು. ಮುಂದಿನದನ್ನೂ ನಾನೇ ತೆಗೆದುಕೊಂಡೆ, ಅದರ ಮುಂದಿನದನ್ನೂ. ಸಂಜೆ ಲಾರಿ ಖಾಲಿಯಾಗಿ ಹುಣಸೂರಿನ ದಾರಿ ಹಿಡಿಯಿತು. ಹೊರಡುವ ಮುಂಚೆ ಅವರು ಕಾಗದದ ಷರಾ ಕಾಲಮಿನಲ್ಲಿ ಬರೆದದ್ದು ಇಷ್ಟು: "ತರಗತಿ ನಡೆಯುತ್ತಿದ್ದ ಕಾರಣ ವಿಲೇವಾರಿ ಸಾಧ್ಯವಾಗಲಿಲ್ಲ."

ಮಾರನೆಯ ದಿನವೇ ಆ ಕೋಣೆಗೆ ಹೊಸ ಟೈಮ್‌ಟೇಬಲ್ ಹಾಕಿದೆ, ಒಂದು ಪೀರಿಯಡ್ಡೂ ಖಾಲಿ ಬಿಡದೆ. ಈಗ ನಾನೂ ರಿಟೈರಾಗಿದ್ದೇನೆ. ಯಾರಾದರೂ ನನ್ನ ವಯಸ್ಸಿನ ಮಾತೆತ್ತಿದರೆ, ಕ್ಲಾಸು ನಡೀತಾ ಇದೆ, ಆಮೇಲೆ ಬನ್ನಿ ಅನ್ನುತ್ತೇನೆ.